ಬಾತ್‌ಟಬ್ಬಿನ ಕೋರ್ಡೋಬಾ

ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯರು ಮಂಗಳೂರಿನಲ್ಲಿ ತೀರಿಕೊಂಡರೆಂಬ ಸುದ್ದಿ ಮೊಬೈಲಿಗೆ ಬಂದಾಗ ನಾನು ಕುವೈತಿನ ಶರ್ಕ್‌ನ ಆಫೀಸಿನಲ್ಲಿ ಕೂತು, ಎಡಗೈ ಜೋಮು ಹಿಡಿದಿರುವುದು ಹೃದಯದ ದೆಸೆಯಿಂದಲೋ ಕುರ್ಚಿಯ ದೆಸೆಯಿಂದಲೋ ಎಂದು ಯೋಚಿಸುತ್ತಿದ್ದೆ. ಐವತ್ತು ದಾಟಿದ ಮೇಲೆ ನನ್ನ ಮಧ್ಯಾಹ್ನಗಳೆಲ್ಲ ಇಂಥ ಯೋಚನೆಗಳಿಗೇ ಮೀಸಲು. ಸುದ್ದಿ ಓದಿದೆ. ಕೈ ತಾನಾಗಿಯೇ ಸರಿಹೋಯಿತು.

ಆಮೇಲೆ ನಮ್ಮ ಖೈತಾನ್ ಬಿಲ್ಡಿಂಗಿನ ಕನ್ನಡದವರ ಗ್ರೂಪಿನಲ್ಲಿ ಶ್ರದ್ಧಾಂಜಲಿಗಳು ಉದುರತೊಡಗಿದವು. ಮುಗಿದ ಕೈಗಳು, ಉರಿಯುವ ಮೇಣದಬತ್ತಿ, ಬಿಳಿ ಪಾರಿವಾಳ. ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಎರಡನೇ ಮಹಡಿಯ ಬ್ಯಾಂಕಿನವರು, 'ಅವರ ಕೈಯ ದ್ರಾಕ್ಷಿರಸದ ರುಚಿ ಇನ್ನೂ ನಾಲಿಗೆಯ ಮೇಲಿದೆ' ಎಂದು ಬರೆದರು. ವೈನ್ ಎಂಬ ಶಬ್ದವನ್ನು ಮದ್ಯ ನಿಷೇಧವಿರುವ ಈ ದೇಶದಲ್ಲಿ ಕೂತು ಬರೆಯಬಾರದೆಂದು ನಾವು ಮಾಡಿಕೊಂಡ ಏರ್ಪಾಡು ಅದು. ಕೂಡಲೇ ಡಾಕ್ಟರೊಬ್ಬರು, 'ದ್ರಾಕ್ಷಿರಸವೆ? ಅಮೃತ!' ಎಂದು ಸೇರಿಸಿದರು. ಈ ಡಾಕ್ಟರು ಆ ಅಮೃತವನ್ನು ಮನಿ ಪ್ಲಾಂಟಿನ ಕುಂಡಕ್ಕೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನಿ ಪ್ಲಾಂಟ್ ಹೆಚ್ಚು ಕಾಲ ಬದುಕಲಿಲ್ಲ.

ಓದುತ್ತ ಓದುತ್ತ ನನಗೆ ಹೇಸಿಗೆಯಾಯಿತು. ಅವರ ವೈನ್ ಕುಡಿದಾಗ ಆಗುತ್ತಿದ್ದ ಹೇಸಿಗೆಗಿಂತ ಒಂದು ತೂಕ ಹೆಚ್ಚೇ.

ಯಾಕೆಂದರೆ ಅವರ ವೈನ್ ಅಸಹ್ಯವಾಗಿತ್ತು. ಅದನ್ನು ಹಾಗೆಂದು ಹೇಳುವುದಕ್ಕಿಂತ ದೊಡ್ಡ ಗೌರವವನ್ನು ನಾನು ಅವರಿಗೆ ಸಲ್ಲಿಸಲಾರೆ.

ಬಿಲ್ಡಿಂಗಿನ ತುಳು ಮಾತಾಡುವ ಮಂದಿ ಅವರನ್ನು 'ಪೊರ್ಬುಗಳು' ಎನ್ನುತ್ತಿದ್ದರು. ಕರಾವಳಿಯಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆ ಕೊಟ್ಟು ಕರೆಯುವುದೇ ಹಾಗಂತೆ. ಅವರ ಹೆಂಡತಿ ಬಾಯಮ್ಮ. ಮೈಸೂರು ಕಡೆಯ ನಮಗೂ ಹಾಗೆಯೇ ರೂಢಿಯಾಯಿತು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೈಲ್ಸ್ ಆಮದು ಮಾಡುವ ಕಂಪನಿಯೊಂದರ ಶೋರೂಮಿನಲ್ಲಿ ಅವರಿಗೆ ಕೆಲಸ. ನಾಲ್ಕನೇ ಮಹಡಿಯಲ್ಲಿ ನಮ್ಮ ಪಕ್ಕದ ಮನೆ. ನಮ್ಮ ಬಾತ್‌ರೂಮಿನ ಕಿಟಕಿ, ಅವರ ಬಾತ್‌ರೂಮಿನ ಕಿಟಕಿ ಎರಡೂ ಒಂದೇ ಕತ್ತಲೆಯ ಶಾಫ್ಟಿಗೆ ತೆರೆದುಕೊಳ್ಳುತ್ತಿದ್ದವು. ಅವರ ಮನೆಯ ಬಂಗುಡೆ ಸಾರಿನಿಂದ ಹಿಡಿದು ಅವರ ಬೆಳಗಿನ ಕ್ಯಾಕರಿಕೆಯವರೆಗೆ ಎಲ್ಲದರಲ್ಲೂ ನನಗೆ ಪಾಲಿತ್ತು.

ಆಳು ದಪ್ಪ, ಗಿಡ್ಡ. ಮೂಗು ದೊಡ್ಡದು, ಸದಾ ಕೆಲಸದಲ್ಲಿರುವಂಥದು. ಏನು ಸಿಕ್ಕಿದರೂ ಮೂಸುತ್ತಿದ್ದರು. ನನ್ನ ಊಟದ ಡಬ್ಬಿ ಮೂಸಿ ಮೆಂತ್ಯ ಹೆಚ್ಚಾಗಿದೆ ಎನ್ನುವರು. ಹೊಸ ಅಂಗಿ ಹಾಕಿಕೊಂಡರೆ ಭುಜ ಮೂಸಿ, ಬಟ್ಟೆ ಎಷ್ಟು ದಿನ ಹಡಗಿನಲ್ಲಿತ್ತೆಂದು ಅಂದಾಜು ಹೇಳುವರು. ದೊಡ್ಡದೊಂದು ಚೌಕದ ಕರವಸ್ತ್ರದಲ್ಲಿ ಮೂಗು ಸೀಟಿ, ಒಳಗೇನು ಬಂತೆಂದು ನೋಡಿ, ಮಡಿಚಿ, ಅದೇ ಕರವಸ್ತ್ರದಲ್ಲಿ ಗ್ಲಾಸು ಒರೆಸಿ ನನ್ನ ಮುಂದಿಡುವರು. ಇದನ್ನು ಬರೆಯುತ್ತಿರುವಾಗಲೂ ನಡುವೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ.

ಇನ್ನೊಂದು ಅಭ್ಯಾಸ ಬಡಿದು ನೋಡುವುದು. ಗೋಡೆಗೆ ಹಚ್ಚಿದ ಟೈಲ್ಸಿನ ಹಿಂದೆ ಸಿಮೆಂಟು ಪೂರ್ತಿ ತುಂಬಿದೆಯೋ ಇಲ್ಲವೋ ಎಂದು ಬೆರಳ ಗೆಣ್ಣಿನಿಂದ ಬಡಿದು ಕೇಳುವುದು ಆ ಕಸುಬಿನ ಕ್ರಮ. ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು ಸದ್ದು. ಪೊರ್ಬುಗಳು ಅದನ್ನು ಗೋಡೆಗಷ್ಟೇ ಬಿಟ್ಟುಕೊಡಲಿಲ್ಲ. ಕಲ್ಲಂಗಡಿ, ಇಗರ್ಜಿಯ ಬೆಂಚು, ನನ್ನ ಮಗಳು ಶಾಲೆಗೆಂದು ಮಾಡಿದ ಥರ್ಮೋಕೋಲಿನ ಅಣೆಕಟ್ಟು, ಎಲ್ಲವನ್ನೂ ಬಡಿದರು. ಒಮ್ಮೆ ಲಿಫ್ಟಿನಲ್ಲಿ ನಾನು ಎದೆನೋವಿನ ಮಾತೆತ್ತಿದಾಗ ನನ್ನ ಎದೆಯನ್ನೇ ಎರಡು ಸಲ ಬಡಿದು, ಕಿವಿ ಹತ್ತಿರ ತಂದು ಹೇಳಿದರು:

"ಎಂತ ಇಲ್ಲ ಮಾರಾಯ್ರೆ. ಗಟ್ಟಿ ಉಂಟು. ನೀವು ಸುಮ್ನೆ ಹೆದರುದು."

ಆ ವಾರ ನಾನು ಇಸಿಜಿ ಮಾಡಿಸಿಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ಅದೊಂದು ದೊಡ್ಡ ಘಟನೆ.

ಮಾತನ್ನೂ ಅವರು ಹೀಗೇ ಪರೀಕ್ಷಿಸುತ್ತಿದ್ದರು. ಯಾರಾದರೂ ಹೊಗಳಿದರೆ ಸುಮ್ಮನೆ ಕೇಳಿ, ಎದುರಿನ ಮೇಜನ್ನು ಒಮ್ಮೆ ಬಡಿದು, "ಟೊಳ್ಳು" ಎನ್ನುವರು. ಸಿಟ್ಟಿಲ್ಲದೆ, ಗಿರಾಕಿಗೆ ಗೋಡೆಯ ದೋಷ ತೋರಿಸುವ ಹಾಗೆ.

ಅವರ ಕಂಪನಿಗೆ ಟೈಲ್ಸ್ ಬರುತ್ತಿದ್ದದ್ದು ಸ್ಪೇನಿನಿಂದ. ಒಮ್ಮೆ ಅಲ್ಲಿಯ ಕಾರ್ಖಾನೆಯವರು ತಮ್ಮ ಸರಕು ಮಾರುವವರನ್ನೆಲ್ಲ ಕರೆಸಿಕೊಂಡು, ಕಾರ್ಖಾನೆ ತೋರಿಸಿ, ಕೊನೆಗೆ ಕೋರ್ಡೋಬಾ ಎಂಬ ಪುರಾತನ ಊರಿಗೆ ಪ್ರವಾಸ ಕರೆದೊಯ್ದರು. ಒಂದು ಕಾಲಕ್ಕೆ ಮಸೀದಿಯಾಗಿದ್ದು ಈಗ ಇಗರ್ಜಿಯಾಗಿರುವ, ಕೆಂಪು ಬಿಳಿ ಪಟ್ಟೆಯ ಕಮಾನುಗಳ ಭಾರೀ ಕಟ್ಟಡವೊಂದು ಅಲ್ಲಿದೆ. ಉಳಿದವರು ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಪೊರ್ಬುಗಳು ಗೋಡೆಯ ಕಲ್ಲುಗಳನ್ನು ಬಡಿದು ನೋಡುತ್ತ ಹಿಂದೆ ಬಿದ್ದರು. ಹೊರಗೆ ಬಂದರೆ ಗುಂಪೂ ಇಲ್ಲ, ಬಸ್ಸೂ ಇಲ್ಲ.

ಅಲ್ಲಿಂದ ಮುಂದಿನದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ನನಗೆ ಅವರ ದನಿಯಲ್ಲೇ ಬಾಯಿಪಾಠವಾಗಿದೆ.

"ಒಂದು ಗಲ್ಲಿ. ಬಿಳೀ ಗೋಡೆ, ಗೋಡೆ ತುಂಬ ಹೂವಿನ ಕುಂಡ ನೇತಾಡಿಸಿದ್ದಾರೆ. ಅಲ್ಲಿ ಒಂದು ವಾಸನೆ ಬಂತು ಮಾರಾಯ್ರೆ. ಹಳಸಿದ ಬ್ರೆಡ್ಡು, ಒದ್ದೆ ಗೋಡೆ, ಬಾದಾಮಿ ಸಿಪ್ಪೆ, ಮೂರೂ ಒಟ್ಟಿಗೆ. ಮೂಗು ಹಿಡ್ಕೊಂಡು ಅಲ್ಲ, ಮೂಗು ಬಿಟ್ಕೊಂಡು ಹೋದೆ. ಬೋರ್ಡಿಲ್ಲ, ಎಂತ ಇಲ್ಲ. ಒಳಗೆ ಆಳೆತ್ತರದ ಮಣ್ಣಿನ ಹರವಿಗಳು. ಒಬ್ಬ ಮುದುಕ. ಕೇಳ್ಳೇ ಇಲ್ಲ, ಹೊಯ್ದು ಕೊಟ್ಟ. ಮೊದ್ಲ ಗುಟುಕು ಉಗಿದೆ. ಛೀ! ಸಕ್ರೆ ಹೇಳಿದ್ರೆ ಸಕ್ರೆ ಇಲ್ಲ, ಉಪ್ಪುಪ್ಪು, ಕಹಿ. ಅವ ನಗಾಡಿದ. ಬಟ್ಟೆ ತಂದು ಒರೆಸಿದ, ಮತ್ತೆ ಹೊಯ್ದ. ಎರಡ್ನೇದು ಉಗೀಲಿಲ್ಲ. ಮೂರ್ನೇದಕ್ಕೆ ನಾನೇ ಗ್ಲಾಸು ಮುಂದೆ ಮಾಡಿದೆ."

ಆಮೇಲೆ ಆ ಮುದುಕ ಹರವಿಯ ಮುಚ್ಚಳ ಎತ್ತಿ ತೋರಿಸಿದನಂತೆ. ವೈನಿನ ಮೇಲೆ ಬೆಳ್ಳಗೆ, ಸುಕ್ಕುಸುಕ್ಕಾಗಿ, ಆರಿದ ಹಾಲಿನ ಕೆನೆಯ ಹಾಗೆ ಒಂದು ಪದರ. ಇದೇನು ಬೂಷ್ಟು ಎಂದು ಇವರು ಮುಖ ಕಿವುಚಿದರೆ, ಮುದುಕ ಸೀಮೆಸುಣ್ಣ ತೆಗೆದುಕೊಂಡು ಕಟ್ಟೆಯ ಹಲಗೆಯ ಮೇಲೆ ಒಂದು ಹೂವು ಬರೆದನಂತೆ. ಆ ಪದರಕ್ಕೆ ಅಲ್ಲಿಯವರು ಹೂವೆಂದೇ ಹೆಸರಿಟ್ಟಿದ್ದಾರೆ. ಗಾಳಿ ತಾಕದ ಹಾಗೆ ವೈನನ್ನು ಅದು ಕಾಯುತ್ತದೆ, ಆ ಹಳಸು ರುಚಿಯನ್ನೂ ಅದೇ ಕೊಡುತ್ತದೆ.

"ಅದೆಲ್ಲ ಬಿಡಿ," ಎಂದು ಒಮ್ಮೆ ನಾನು ಕೇಳಿದ್ದೆ, "ಅಷ್ಟು ಕೆಟ್ಟದಾಗಿದ್ದನ್ನ ಮೂರನೇ ಸಲ ಯಾಕೆ ಕುಡಿದ್ರಿ?"

ಅವರು ಬಹಳ ಹೊತ್ತು ಮೂಗು ಒರೆಸಿಕೊಂಡರು. "ಇಷ್ಟು ವರ್ಷ ಆಯ್ತು ಕುವೈತಿಗೆ ಬಂದು. ಹೋದಲ್ಲೆಲ್ಲ ಇಲ್ಲಿರ್ಲಿಕ್ಕೆ ಪರ್ಮಿಟ್ಟು ಎಲ್ಲಿ, ಇಕಾಮಾ ಕಾರ್ಡು ತೋರ್ಸು, ನಿನ್ನ ಜವಾಬ್ದಾರಿ ಹೊತ್ತ ಕಫೀಲ್ ಯಾರು ಹೇಳು. ಆ ಮನುಷ್ಯ ನನ್ನ ಹತ್ರ ಕೇಳಿದ್ದು ಒಂದೇ. ಇನ್ನೊಂದು ಗ್ಲಾಸು ಬೇಕಾ ಅಂತ."

ವಾಪಸು ಬಂದವರು ಆ ವೈನನ್ನು ಖೈತಾನಿನಲ್ಲಿ ಮಾಡಲು ಹೊರಟರು.

ಕ್ರಿಸ್‌ಮಸ್ಸಿಗೆ ಸಿಹಿಯಾದ ವೈನ್ ಹಾಕುವುದು ಬಾಯಮ್ಮನ ತವರಿನ ಪದ್ಧತಿ. ಇಲ್ಲಿಯೂ ಕದ್ದುಮುಚ್ಚಿ ಒಂದೆರಡು ಬಾಟಲಿ ಮಾಡುತ್ತಿದ್ದರು, ಚೆನ್ನಾಗಿಯೂ ಇರುತ್ತಿತ್ತು. ಪೊರ್ಬುಗಳು ಅದನ್ನು ನಿಲ್ಲಿಸಿಬಿಟ್ಟರು. ಗಿಡದ ನರ್ಸರಿಯಿಂದ ಇರಾನಿನ ದೊಡ್ಡ ಮಣ್ಣಿನ ಹರವಿಯೊಂದನ್ನು ತಂದು, ಅದು ಜಿನುಗುತ್ತದೆಂದು ಎರಡನೇ ಬಾತ್‌ರೂಮಿನ ಟಬ್ಬಿನಲ್ಲಿ ಕೂರಿಸಿದರು. ಜಮಿಯಾದಿಂದ, ಅಂದರೆ ನಮ್ಮ ಬಡಾವಣೆಯ ಸಹಕಾರಿ ಅಂಗಡಿಯಿಂದ, ಬಿಳಿ ದ್ರಾಕ್ಷಿಯ ಜ್ಯೂಸು ತಂದು ಸುರಿದರು. ಬ್ರೆಡ್ಡಿಗೆ ಹಾಕುವ ಯೀಸ್ಟು ಹಾಕಿದರು. ತಂಪಿರಲೆಂದು ಏಸಿಯ ಗಾಳಿ ಆ ಕಡೆ ಹೋಗುವಂತೆ ರಟ್ಟು ಕಟ್ಟಿದರು. ಆಮೇಲೆ ಹೂವಿಗಾಗಿ ಕಾದರು.

ಹೂವಿಗೂ ಮುಂಚೆ ಬಂದದ್ದು ನೊಣ. ಸಾಸಿವೆಯಷ್ಟು ಸಣ್ಣವು, ಶಾಫ್ಟಿನ ತುಂಬ. ನಾನು ಹಲ್ಲುಜ್ಜಲು ಬಾಯಿ ತೆರೆದರೆ ಎರಡು ಒಳಗೆ. ಹರವಿಯಿಂದ ಜಿನುಗಿದ್ದು ಟಬ್ಬಿನ ತಳದಲ್ಲಿ ಕಂದು ಲೋಳೆಯಾಗಿ ಕೂತು ಅದರ ಸುತ್ತ ಜಿರಲೆಗಳ ಸಂಸಾರ. ಕೊನೆಗೂ ಬಿಳಿ ಪದರ ಬಂತೆಂದು ಅವರು ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಮುಚ್ಚಳ ತೆಗೆದರು. ಪದರದ ಮೇಲೆ ಒಂದು ಜಿರಲೆ ಅಂಗಾತ ಬಿದ್ದಿತ್ತು. ಅವರು ಚಹಾ ಸೋಸುವ ಜರಡಿಯಿಂದ ಅದನ್ನೆತ್ತಿ ಶಾಫ್ಟಿಗೆ ಎಸೆದು, "ಅದು ಕುಡಿದು ಸತ್ತದ್ದು, ಸುಖವಾಗಿ ಸತ್ತದ್ದು" ಎಂದರು. ಬೆರಳಿನಿಂದ ಪದರ ಕೆದಕಿ ನೆಕ್ಕಿದರು. ಗ್ಲಾಸಿಗೆ ಬಗ್ಗಿಸಿ ನನಗೂ ಕೊಟ್ಟರು.

ಕುಡಿದೆ. ರಾತ್ರಿಯೆಲ್ಲ ಬೂಟಿನೊಳಗಿದ್ದ ಒದ್ದೆ ಸಾಕ್ಸನ್ನು ಹಳೇ ಬ್ರೆಡ್ಡಿನಲ್ಲಿ ಸುತ್ತಿ ಹಿಂಡಿದರೆ ಏನು ಬರಬಹುದೋ ಅದು. ಇಂಥದ್ದು ಕುಡಿದು ಕಣ್ಣು ಕಳಕೊಂಡವರ ಸುದ್ದಿಗಳನ್ನೆಲ್ಲ ನಾನು ಆಗಾಗ ಓದಿ ಹೆದರಿದ್ದೇನೆ. ನುಂಗಿದ ಮೇಲೆ ಮೊದಲು ಮಾಡಿದ ಕೆಲಸ ಎದುರಿನ ಶಾಂಪೂ ಬಾಟಲಿಯ ಸಣ್ಣಕ್ಷರ ಓದಲು ಯತ್ನಿಸಿದ್ದು. ಓದಲಾಗಲಿಲ್ಲ. ಕನ್ನಡಕ ಮನೆಯಲ್ಲಿತ್ತು.

"ಹೇಗುಂಟು?"

"ಚೆನ್ನಾಗಿದೆ."

ಅವರು ಟಬ್ಬಿನ ಅಂಚನ್ನು ಬಡಿದರು. "ಟೊಳ್ಳು."

ವಾಸನೆ ಒಂದು ದಿನ ಬಿಲ್ಡಿಂಗಿನ ಹಾರಿಸ್‌ಗೂ ತಲುಪಿತು. ಹಾರಿಸ್ ಎಂದರೆ ಕಟ್ಟಡ ಕಾಯುವವನು. ನಮ್ಮವನು ಈಜಿಪ್ಟಿನವನು, ಧರ್ಮಭೀರು. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕನೇ ಮಹಡಿಗೆ ಬಂದು ಮೊದಲು ತಟ್ಟಿದ್ದು ನಮ್ಮ ಬಾಗಿಲು. ಸಿಕ್ಕಿಬಿದ್ದರೆ ಪೊರ್ಬುಗಳಿಗೆ ಜೈಲು, ಆಮೇಲೆ ವಿಮಾನ. ಅಕ್ಕಪಕ್ಕದವರೆಂದು ನಮಗೂ ಠಾಣೆ, ನನ್ನ ಕೆಲಸ, ಮಗಳ ಹನ್ನೆರಡನೇ ತರಗತಿ. ಇಷ್ಟೂ ನನ್ನ ಕಣ್ಣಮುಂದೆ ಹಾದು ಮುಗಿಯುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ ಉಕ್ಕಿ ನಿಂತ ದೋಸೆಹಿಟ್ಟಿನ ಪಾತ್ರೆ ತಂದು ಅವನ ಮುಖದ ಹತ್ತಿರ ಮುಚ್ಚಳ ತೆಗೆದಳು.

"ಭಾಯಿ, ಯೇ ಹಮಾರಾ ಖಾನಾ ಹೈ," ಎಂದಳು.

ಅವನು ಇಣುಕಿದ. ಗುಳ್ಳೆಗಳು ಒಡೆಯುತ್ತಿದ್ದವು. ಎರಡು ಹೆಜ್ಜೆ ಹಿಂದೆ ಸರಿದು ದೇವರ ಹೆಸರು ಹೇಳಿ ಮೆಟ್ಟಿಲಿಳಿದುಹೋದ. ಅಂದಿನಿಂದ ಬಿಲ್ಡಿಂಗಿನಲ್ಲಿ ನಾವು ಕೊಳೆತದ್ದು ತಿನ್ನುವ ಜನ. ಆ ಸುಳ್ಳನ್ನು ಉಳಿಸಿಕೊಳ್ಳಲು ನನ್ನ ಹೆಂಡತಿ ಹಿಟ್ಟು ರುಬ್ಬುತ್ತಲೇ ಇರಬೇಕಾಯಿತು. ನಾವು ಬೆಳಗ್ಗೆ ದೋಸೆ, ರಾತ್ರಿ ದೋಸೆ, ಆಫೀಸಿಗೆ ದೋಸೆ ತಿಂದು ಹುಳಿತೇಗಿನಲ್ಲಿ ಬದುಕಿದೆವು.

"ನಿಮ್ಮ ಹರವಿಗೆ ನನ್ನ ಗ್ರೈಂಡರ್ ಸವೀತಿದೆ," ಎಂದು ಅವಳು ಪೊರ್ಬುಗಳಿಗೆ ಮುಖದ ಮೇಲೇ ಹೇಳಿದಳು.

"ಅಕ್ಕ, ನಿಮ್ಮ ಋಣ ಕೋರ್ಡೋಬಾದಲ್ಲಿ ತೀರಿಸ್ತೇನೆ."

"ಇಲ್ಲೇ ತೀರಿಸಿ. ಅದನ್ನ ಚೆಲ್ಲಿ."

ಅವರು ಚೆಲ್ಲಲಿಲ್ಲ. ಏಕೆಂದರೆ ಅವರಿಗೆ ಉತ್ತರ ಸಿಕ್ಕಿರಲಿಲ್ಲ. ಬಿಲ್ಡಿಂಗಿನವರು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಅವರ ವೈನ್ ಕುಡಿದು 'ಸೂಪರ್' ಎನ್ನುತ್ತಿದ್ದರು; ಈ ದೇಶದಲ್ಲಿ ಪುಕ್ಕಟೆ ಸಿಗುವ ಅಮಲಿಗೆ ಯಾರು ಎದುರಾಡುತ್ತಾರೆ! ಅವರಿಗೆ ಹೊಗಳಿಕೆ ಬೇಡವಾಗಿತ್ತು. ಕೋರ್ಡೋಬಾದಲ್ಲಿ ಆ ವೈನ್ ಕುಡಿದ ಒಬ್ಬರೇ ಒಬ್ಬರು ಇದನ್ನೂ ಕುಡಿದು, 'ಹೌದು, ಅದೇ' ಅಥವಾ 'ಅಲ್ಲ' ಅನ್ನಬೇಕಿತ್ತು. ಅಷ್ಟೆ. ಅವರ ನಾಲಿಗೆಗೆ ನೆನಪು ಮಸುಕಾಗುತ್ತ ಬಂದಿತ್ತು. "ನಾನು ಈಗ ಅದನ್ನು ನೆನಪು ಮಾಡ್ಕೊಳ್ತಿದ್ದೇನಾ, ಇದಕ್ಕೇ ಅದರ ಹೆಸರು ಕೊಟ್ಟಿದ್ದೇನಾ ಗೊತ್ತಾಗುದಿಲ್ಲ," ಎಂದು ಒಮ್ಮೆ ಹೇಳಿದ್ದರು.

ಹಾಗಾಗಿ ಸ್ಪೇನಿಗೆ ಹೋಗುವವರನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ಗಲ್ಫಿನಲ್ಲಿರುವ ನಮ್ಮಂಥವರಿಗೆ ರಜೆ ಬಂದರೆ ಯುರೋಪು ಸುತ್ತುವ ಚಟವೊಂದಿದೆ. ವೀಸಾದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಪೊರ್ಬುಗಳು ಆ ಮನೆಯ ಸೋಫಾದ ಮೇಲೆ ಕೂತಾಯಿತು.

"ಹಳೇ ಮಸೀದಿ ಗೋಡೆಗೆ ಬೆನ್ನು ಹಾಕಿ ನಿಲ್ಲಿ. ನದಿ ಕಡೆ ಹೋಗ್ಬೇಡಿ, ಅಲ್ಲಿ ಇರುದು ಫೋಟೋ ತೆಗೀಲಿಕ್ಕೆ ಕೊಡುವ ವೈನ್. ಎಡಕ್ಕೆ ಗಲ್ಲಿ. ಬೋರ್ಡು ಹುಡುಕ್ಬೇಡಿ, ವಾಸನೆ ಹುಡುಕಿ. ಕುಡೀರಿ. ಬಂದ ದಿನವೇ ನಮ್ಮನೆಗೆ ಬನ್ನಿ, ಬಾಯಿ ಕೂಡ ತೊಳೀಬೇಡಿ!"

ಅದೇ ಅಮೃತದ ಡಾಕ್ಟರು ಹೆಂಡತಿಯೊಂದಿಗೆ ಹೋಗಿ ಬಂದರು. ಬಾರ್ಸಿಲೋನಾದಲ್ಲಿ ಫುಟ್‌ಬಾಲ್ ಮೈದಾನ ನೋಡಿ, ಗೂಳಿಯ ಚಿತ್ರದ ಫ್ರಿಜ್ ಮ್ಯಾಗ್ನೆಟ್ ತಂದುಕೊಟ್ಟರು.

"ಕೋರ್ಡೋಬಾ?"

"ಟೈಮ್ ಆಗ್ಲಿಲ್ಲ ಅಂಕಲ್. ತುಂಬಾ ಶಾಪಿಂಗ್ ಇತ್ತು."

ಪೊರ್ಬುಗಳು ಆ ಮ್ಯಾಗ್ನೆಟ್ಟನ್ನು ಮೂಸಿ ನೋಡಿ ಮೇಜಿನ ಮೇಲಿಟ್ಟರು. "ಪ್ಲಾಸ್ಟಿಕ್ಕು," ಎಂದರು. ಅಷ್ಟು ಹೇಸಿಗೆಯ ಮುಖವನ್ನು ನಾನು ಅವರ ವೈನ್ ಕುಡಿಯುವವರಲ್ಲೂ ಕಂಡಿರಲಿಲ್ಲ.

ಕೊನೆಗೆ ಕೋರ್ಡೋಬಾವೇ ಶುವೈಖ್‌ಗೆ ಬಂತು. ಸ್ಪೇನಿನ ಕಾರ್ಖಾನೆಯಿಂದ ಶೋರೂಮನ್ನು ಹೊಸದಾಗಿ ಜೋಡಿಸಿಕೊಡಲು ಒಬ್ಬ ಹೆಂಗಸು ಬಂದರು. ನನ್ನದೇ ವಯಸ್ಸು, ಕತ್ತರಿಸಿದ ನರೆಗೂದಲು, ಗಡುಸು ಮಾತು. ಹುಟ್ಟಿ ಬೆಳೆದದ್ದು ಕೋರ್ಡೋಬಾದಲ್ಲಿ ಎಂಬುದು ಚಹಾ ಕುಡಿಯುವಾಗ ಹೊರಬಿತ್ತು. ಪೊರ್ಬುಗಳು ಅಂದು ಸಂಜೆ ಚಪ್ಪಲಿಯನ್ನೂ ಬಿಡದೆ ನಮ್ಮ ಮನೆಯೊಳಗೆ ಬಂದರು.

"ಶುಕ್ರವಾರ ಊಟಕ್ಕೆ ಕರೆದಿದ್ದೇನೆ. ನೀವೂ ಬನ್ನಿ. ನನಗೆ ಇಂಗ್ಲಿಷು ಟೈಲ್ಸಿನ ಮಟ್ಟಿಗೆ ಸಾಕು. ಈ ವಿಷಯಕ್ಕೆ ಸಾಕಾಗುದಿಲ್ಲ."

"ಅವ್ರು ಹೊರಗೆ ಬಾಯಿಬಿಟ್ರೆ? ನಿಮ್ಮ ಬಾಸ್‌ಗೆ ಹೇಳಿದ್ರೆ?" ನಾನು ಕೇಳಿದೆ.

"ಹೇಳ್ಲಿ. ಮೊದ್ಲು ನನಗೆ ಹೇಳ್ಲಿ."

ಆ ಶುಕ್ರವಾರ ಬಾಯಮ್ಮ ಸಾನ್ನ ಎಂಬ ತಮ್ಮ ಕಡೆಯ ಇಡ್ಲಿ, ಮೀನಿನ ಸಾರು ಮಾಡಿದ್ದರು. ನಾನು ಬಾಗಿಲ ಚಿಲಕ ಮೂರು ಸಲ ನೋಡಿ ಬಂದು ಕೂತೆ. ನನ್ನ ಹೆಂಡತಿ ಮುನ್ನೆಚ್ಚರಿಕೆಗೆ ದೋಸೆಹಿಟ್ಟಿನ ಪಾತ್ರೆಯನ್ನು ಜೊತೆಗೇ ತಂದಿದ್ದಳು. ಊಟ ಮುಗಿಯಿತು. ಪೊರ್ಬುಗಳು ಬಾತ್‌ರೂಮಿಗೆ ಹೋಗಿ, ಹೊಸ ಗ್ಲಾಸಿನಲ್ಲಿ, ಅದೂ ಕರವಸ್ತ್ರದಿಂದ ಒರೆಸದ ಗ್ಲಾಸಿನಲ್ಲಿ, ಹಳದಿ ಬಣ್ಣದ ಅದನ್ನು ತಂದು ಆಕೆಯ ಮುಂದಿಟ್ಟರು. ಏನೆಂದು ಹೇಳಲಿಲ್ಲ.

ಗ್ಲಾಸು ತುಟಿಯ ಹತ್ತಿರ ಬರುವ ಮೊದಲೇ ಆಕೆಯ ಮುಖ ತಿರುಗಿತು. ಮೂಗಿನ ಪಕ್ಕಗಳು ಸುಕ್ಕಾದವು. ಗ್ಲಾಸನ್ನು ದೂರ ಹಿಡಿದು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಮತ್ತೆ ಹತ್ತಿರ ತಂದು ಒಂದು ಗುಟುಕು ಕುಡಿದು, ಥಟ್ಟನೆ ಕೆಳಗಿಟ್ಟು, ಕೈಯಿಂದ ಬಾಯಿ ಮುಚ್ಚಿಕೊಂಡರು. ನನ್ನ ಮಗಳು ನನ್ನ ಕಿವಿಯಲ್ಲಿ, "ಅಪ್ಪಾ, ಶೀ ಈಸ್ ಗೋಯಿಂಗ್ ಟು ಥ್ರೋ ಅಪ್" ಎಂದಳು.

"ಕಿಟಕಿ ತೆರೀರಿ," ಎಂದರು ಆಕೆ. ಆಡಿದ್ದು ಇಂಗ್ಲಿಷಿನಲ್ಲಿ, ಬರೆಯುತ್ತಿರುವುದು ನಾನು. "ಇದು ಎಲ್ಲಿ ಸಿಕ್ಕಿತು ನಿಮಗೆ?"

ಪೊರ್ಬುಗಳು ನನ್ನ ಮುಖ ನೋಡಿದರು. ನಾನು ಬಾತ್‌ರೂಮಿನ ಕಡೆ ಕೈ ತೋರಿಸಿದೆ.

"ನಮ್ಮಪ್ಪ ದಿನಾ ಸಂಜೆ ಈ ವಾಸನೆ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಅವನ ಅಂಗಿಯಲ್ಲಿ, ಮೀಸೆಯಲ್ಲಿ, ದಿಂಬಿನಲ್ಲಿ, ಎಲ್ಲ ಕಡೆ ಇದೇ. ಅಮ್ಮ ಅವನನ್ನು ಅಡುಗೆಮನೆಯಲ್ಲಿ ಮಲಗಿಸುತ್ತಿದ್ದಳು. ಆ ವಾಸನೆ ಸಾಕಾಗಿಯೇ ನಾನು ಊರು ಬಿಟ್ಟದ್ದು. ಇಷ್ಟು ವರ್ಷದ ಮೇಲೆ, ಇಷ್ಟು ದೂರ ಬಂದು..." ಆಕೆ ಗ್ಲಾಸನ್ನು ಬೆರಳತುದಿಯಿಂದ ಮೇಜಿನ ಆಚೆಯ ಅಂಚಿಗೆ ತಳ್ಳಿದರು. "ಅಸಹ್ಯ. ಕಣ್ಣು ಕಟ್ಟಿ ಕೊಟ್ಟಿದ್ದರೂ ಇದು ಅಪ್ಪ ಅನ್ನುತ್ತಿದ್ದೆ."

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ. ಪೊರ್ಬುಗಳ ಕೈ ಮೆಲ್ಲಗೆ ಮೇಜಿನ ಮೇಲೆ ಬಂತು. ಬೆರಳ ಗೆಣ್ಣಿನಿಂದ ಒಂದು ಸಲ, ಮತ್ತೊಂದು ಸಲ ಬಡಿದರು. ಕಿವಿ ಕೊಟ್ಟು ಕೇಳಿದರು. ಆಕೆ ತಳ್ಳಿದ ಗ್ಲಾಸನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅವರು ತಮ್ಮ ಗಲ್ಲಿಯ ದಾರಿಯನ್ನು ಆಕೆಗೆ ವಿವರಿಸಿದರು. ಮಸೀದಿಯ ಗೋಡೆ, ಎಡಕ್ಕೆ, ಕುಂಡಗಳು, ಬೋರ್ಡಿಲ್ಲದ ಬಾಗಿಲು. ಆಕೆ ತಲೆಯಾಡಿಸಿದರು. ಗೊತ್ತು, ಅಪ್ಪ ಅಲ್ಲಿಗೂ ಹೋಗುತ್ತಿದ್ದ. ಮುದುಕ ತೀರಿಕೊಂಡ ಮೇಲೆ ಅದು ಮುಚ್ಚಿತು. ಹರವಿಗಳನ್ನು ಒಡೆದು ಹೊರಗೆ ಹಾಕಿದರು. ಆ ಊರಲ್ಲಿ ಒಳ್ಳೆಯ ವೈನಿನ ಅಂಗಡಿಗಳು ಬೇಕಾದಷ್ಟಿವೆ, ಸ್ವಚ್ಛವಾಗಿವೆ. ಅಲ್ಲಿ ಇಂಥ ದರಿದ್ರವನ್ನು ಯಾರೂ ಕೊಡುವುದಿಲ್ಲ. ಮುದುಕನ ಅಂಗಡಿಯಲ್ಲಿ ಈಗ ಫ್ರಿಜ್ ಮ್ಯಾಗ್ನೆಟ್ ಮಾರುತ್ತಾರೆ.

"ಹಾಗಾದ್ರೆ," ಎಂದರು ಪೊರ್ಬುಗಳು. ಬಾತ್‌ರೂಮಿನ ಬಾಗಿಲನ್ನು, ಮನೆಯೊಳಗೆ ಏನೋ ದೊಡ್ಡ ಪ್ರಾಣಿ ಮಲಗಿದೆಯೆನ್ನುವಂತೆ ನೋಡಿದರು. "ಹಾಗಾದ್ರೆ ಈಗ ಇರುದು ಇಲ್ಲಿ ಮಾತ್ರ."

ಹೋಗುವಾಗ ಆಕೆ ಬಾಯಮ್ಮನನ್ನು ತಬ್ಬಿಕೊಂಡು, "ನೀವು ಇವರನ್ನು ಎಲ್ಲಿ ಮಲಗಿಸುತ್ತೀರಿ?" ಎಂದು ಕೇಳಿದರು.

"ಹಾಲ್‌ನ ಸೋಫಾದಲ್ಲಿ," ಎಂದರು ಬಾಯಮ್ಮ.

ಕೆಲವು ಕಾಲದ ಮೇಲೆ ಪೊರ್ಬುಗಳಿಗೆ ವಯಸ್ಸಾಯಿತೆಂದು ಕಂಪನಿ ವೀಸಾ ಮುಂದುವರಿಸಲಿಲ್ಲ. ಖಲಾಸ್. ಬಿಲ್ಡಿಂಗಿನವರು ಸೇರಿ ಬೀಳ್ಕೊಡುಗೆ ಮಾಡಿ, ಹೊಳೆಯುವ ಪ್ಲಾಸ್ಟಿಕ್ಕಿನ ಸ್ಮರಣಿಕೆ ಕೊಟ್ಟರು. ಡಾಕ್ಟರು ಆಗಲೂ ಅಮೃತವೆಂದರು. ಹರವಿ ಖಾಲಿ ಮಾಡುವ ದಿನ ಪೊರ್ಬುಗಳಿಗೆ ಕೈ ಬರಲಿಲ್ಲ. ಮೂಗಿಗೆ ಎರಡು ಮಾಸ್ಕು ಹಾಕಿಕೊಂಡು ಬಗ್ಗಿಸಿದವನು ನಾನೇ. ನಾಲ್ಕು ಸಲ ಓಕರಿಸಿದೆ. ಅವರು ಬಾಗಿಲಲ್ಲಿ ನಿಂತು, "ಮೆಲ್ಲಗೆ ಮಾರಾಯ್ರೆ, ಹೂವು ಒಡೀಬೇಡಿ," ಎನ್ನುತ್ತಿದ್ದರು. ಪದರದ ಒಂದು ತುಂಡನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಒಣಗಿಸಿ, ಪ್ರಾರ್ಥನೆಯ ಪುಸ್ತಕದೊಳಗಿಟ್ಟು ಊರಿಗೆ ಒಯ್ದರು. ಆಮೇಲೆ ಎಷ್ಟೋ ದಿನ ಶಾಫ್ಟು ನಾರಿತು. ನನ್ನ ಹೆಂಡತಿ ಕೊನೆಯ ಬಾರಿಗೆಂದು ಗೊಣಗುತ್ತ ಹಿಟ್ಟು ರುಬ್ಬಿದಳು.

ಊರಿನಲ್ಲಿ ಹೂವು ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಅದೇ ಕೊರಗು. "ಇಲ್ಲಿ ಯಾರೂ ಹಿಡಿಯುದಿಲ್ಲ, ಹಾರಿಸ್ ಇಲ್ಲ, ಎಂತ ಇಲ್ಲ. ಆದ್ರೂ ಬರುದು ಹಸಿರು ಬೂಷ್ಟು ಮಾತ್ರ. ಇದಕ್ಕೆ ಆ ಬಾತ್‌ರೂಮೇ ಬೇಕಿತ್ತಾ ಅಂತ."

ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಶಾಫ್ಟಿನಲ್ಲಿ ಫಿನಾಯಿಲಿನ ಘಮ. ಕೋರ್ಡೋಬಾದ ನಿಜವಾದ ವೈನ್ ಎಲ್ಲಿ ಸಿಗುತ್ತದೆಂದು ಯಾರಾದರೂ ಕೇಳಿದರೆ, ಇನ್ನೆಲ್ಲೂ ಇಲ್ಲ ಎನ್ನಬೇಕಾದ ಕಾಲ ಬಂದಿದೆ.

ಮೊನ್ನೆ ಆಫೀಸಿನಲ್ಲಿ ಇದನ್ನೆಲ್ಲ ನೆನೆಯುತ್ತಿದ್ದಾಗ ಗ್ರೂಪಿನಲ್ಲಿ ಇನ್ನೂ ಮೂವರು ಅಮೃತ ಎಂದರು. ನಾನು ತಡೆಯಲಾರದೆ ಬರೆದುಬಿಟ್ಟೆ: 'ಅವರ ದ್ರಾಕ್ಷಿರಸ ಅಸಹ್ಯವಾಗಿತ್ತು. ಕೋರ್ಡೋಬಾದ ಮುದುಕನದ್ದು ಹೇಗಿತ್ತೋ ಹಾಗೇ.'

ಆಮೇಲೆ ಬ್ಯಾಂಕಿನವರು, 'ಸರ್, ಇದು ಸಂದರ್ಭವಲ್ಲ' ಎಂದರು. ಡಾಕ್ಟರು, 'ಶಾಕಿಂಗ್' ಎಂದರು. ಹೆಂಡತಿ ಫೋನು ಮಾಡಿ, "ರೀ, ಬಾಯಮ್ಮ ಆ ಗ್ರೂಪಲ್ಲೇ ಇದಾರೆ! ನಿಮಗೆ ತಲೆ ನೆಟ್ಟಗಿದೆಯಾ? ಮೊದ್ಲು ತೆಗೀರಿ ಅದನ್ನ" ಎಂದಳು. ಅದು ನನಗೆ ಮರೆತೇಹೋಗಿತ್ತು. ಎಡಗೈ ಮತ್ತೆ ಜೋಮು ಹಿಡಿಯಿತು. ಅಳಿಸಲೆಂದು ಬೆರಳನ್ನು ಆ ಸಾಲಿನ ಮೇಲಿಟ್ಟೆ.

ಅಷ್ಟರಲ್ಲಿ ಅದರ ಕೆಳಗೇ ಬಾಯಮ್ಮನ ಧ್ವನಿಸಂದೇಶ ಬಂತು. ಫೋನನ್ನು ಕಿವಿಗಿಟ್ಟೆ. ಮಾತಿರಲಿಲ್ಲ. ದೂರದಲ್ಲೆಲ್ಲೋ ಕುರ್ಚಿಗಳನ್ನು ಎಳೆಯುವ ಸದ್ದು, ಜನ ಬಂದಿರಬೇಕು. ಆಮೇಲೆ ತೀರ ಹತ್ತಿರದಲ್ಲಿ, ಮೇಜಿನದೋ ಗೋಡೆಯದೋ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದದ್ದು ಕೇಳಿಸಿತು.

ಗಟ್ಟಿ ಸದ್ದು.